ಬಿಸಿಗಾಳಿಯ ಪೆಟ್ಟಿಗೆ: ಶಾಖವನ್ನು ಅಂಕೆಯಲ್ಲಿಟ್ಟ ಕಥೆ



ನಮ್ಮ ನಾಡಿನಲ್ಲಿ ಚಳಿಗೆ ಅಂಜಬೇಕಾದ ದಿನಗಳು ವರ್ಷದಲ್ಲಿ ಹೆಚ್ಚಿಲ್ಲ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರಂದು. ಆದರೂ ಮಾಗಿಯ ಮುಂಜಾವದಲ್ಲಿ ಹಂಡೆ ಒಲೆಯ ಮುಂದೆ ಕುಳಿತು ಕೈ ಕಾಯಿಸುವುದು, ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಗೆ ಕೆಂಡ ತುಂಬಿಡುವುದು ನಮ್ಮ ಮನೆಗಳಿಗೆ ಹೊಸದೇನೂ ಅಲ್ಲ. ಈಗ ಆ ಕೆಂಡದ ಜಾಗಕ್ಕೆ ಒಂದು ಚಿಕ್ಕ ಪೆಟ್ಟಿಗೆ ಬಂದಿದೆ. ಮಡಿಕೇರಿಯ ಮನೆಗಳಲ್ಲಿ ಅದನ್ನು ನೀವು ನೋಡಿರಬಹುದು. ಓದಲೆಂದೋ ಕೆಲಸಕ್ಕೆಂದೋ ದೆಹಲಿಗೆ ಹೋದ ಅಣ್ಣ ಅಕ್ಕಂದಿರ ಕೋಣೆಯಲ್ಲಂತೂ ಡಿಸೆಂಬರ್ ಜನವರಿಯಲ್ಲಿ ಅದು ಇದ್ದೇ ಇರುತ್ತದೆ. ಪ್ಲಗ್ ಸಿಕ್ಕಿಸಿ ಸ್ವಿಚ್ ಒತ್ತಿದರೆ ಗುಂಯ್ ಎಂದು ಬಿಸಿಗಾಳಿ ಬೀಸುತ್ತದೆ. ಇದೇ ಫ್ಯಾನ್ ಹೀಟರ್.

ಈ ಪೆಟ್ಟಿಗೆಯನ್ನು ಬಿಚ್ಚಿದರೆ ಒಳಗೆ ಕಾಣುವುದು ಬಹಳ ಕಡಿಮೆ. ಸುರುಳಿ ಸುತ್ತಿದ ಒಂದೆರಡು ತಂತಿಗಳು, ಒಂದು ಪುಟ್ಟ ಫ್ಯಾನು, ಗುಂಡಿಯಷ್ಟು ದೊಡ್ಡದಾದ ಒಂದೆರಡು ಬಿಲ್ಲೆಗಳು, ಕೆಲವು ಸ್ವಿಚ್ಚುಗಳು. ಇಷ್ಟೇ. ಇವುಗಳಲ್ಲಿ ಮನುಷ್ಯನಿಗೆ ಅತ್ಯಂತ ಕಷ್ಟವಾದದ್ದು ಯಾವುದು ಎಂದು ಕೇಳಿದರೆ ನೀವು ‘ಶಾಖ ಹುಟ್ಟಿಸುವುದು’ ಎನ್ನಬಹುದು. ಇತಿಹಾಸ ಹೇಳುವುದು ಬೇರೆ. ವಿದ್ಯುತ್ತಿನಿಂದ ಶಾಖ ಹುಟ್ಟಿಸುವುದು ಮೊದಲಿನಿಂದಲೂ ಸುಲಭವಾಗಿತ್ತು. ಎಷ್ಟೋ ಸಲ ಬೇಡವೆಂದರೂ ಅದು ಹುಟ್ಟುತ್ತಿತ್ತು. ಕಷ್ಟವಾದದ್ದು ಅದನ್ನು ಬೇಕಾದಲ್ಲಿ, ಬೇಕಾದಷ್ಟು ಮಾತ್ರ ಹುಟ್ಟಿಸಿ, ಬೇಡವಾದಾಗ ನಿಲ್ಲಿಸುವುದು. ಆ ಪೆಟ್ಟಿಗೆಯ ಒಂದೊಂದು ಭಾಗವೂ ಈ ಕಷ್ಟಕ್ಕೆ ಸಿಕ್ಕ ಒಂದೊಂದು ಉತ್ತರ. ಆ ಉತ್ತರಗಳು ಯಾವಾಗ, ಹೇಗೆ ಸಿಕ್ಕವು ಎಂಬುದನ್ನು ತಿಳಿದರೆ ಹೀಟರನ್ನು ಹೇಗೆ ಬಳಸಬೇಕು ಎಂಬುದನ್ನು ಬೇರೆಯಾಗಿ ಬಾಯಿಪಾಠ ಮಾಡಬೇಕಾಗಿಲ್ಲ.

ಸಾಲ್ಫರ್ಡಿನ ಯುವಕನ ನಿಯಮ

ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಅಂಟಿಕೊಂಡಂತೆ ಸಾಲ್ಫರ್ಡ್ ಎಂಬ ಊರಿದೆ. ಅಲ್ಲಿ ಬಿಯರ್ ತಯಾರಿಸುವ ಮನೆತನವೊಂದರಲ್ಲಿ 1818ರಲ್ಲಿ ಜೇಮ್ಸ್ ಪ್ರೆಸ್ಕಾಟ್ ಜೌಲ್ ಹುಟ್ಟಿದ. ಪರಮಾಣು ಸಿದ್ಧಾಂತಕ್ಕೆ ಹೆಸರಾದ ಜಾನ್ ಡಾಲ್ಟನ್ ಈ ಹುಡುಗನಿಗೆ ಪಾಠ ಹೇಳಿದವರಲ್ಲಿ ಒಬ್ಬ. ಜೌಲ್ ಯಾವ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನೂ ಆಗಿರಲಿಲ್ಲ. ಕುಟುಂಬದ ಉದ್ಯಮದ ನಡುವೆಯೇ ಪ್ರಯೋಗ ಮಾಡುತ್ತಿದ್ದ.

1840ರಲ್ಲಿ ಅವನು ಮಾಡಿದ ಪ್ರಯೋಗ ನೀವೂ ಊಹಿಸಿಕೊಳ್ಳಬಹುದಾದಷ್ಟು ಸರಳ. ಒಂದು ಗಾಜಿನ ಕೊಳವೆಗೆ ತಂತಿಯನ್ನು ಸುತ್ತಿದ. ಅದನ್ನು ನೀರಿನ ಜಾಡಿಯಲ್ಲಿ ಮುಳುಗಿಸಿದ. ತಂತಿಯಲ್ಲಿ ವಿದ್ಯುತ್ ಹರಿಸಿ, ಇಂತಿಷ್ಟು ಹೊತ್ತಿನಲ್ಲಿ ನೀರು ಎಷ್ಟು ಬಿಸಿಯಾಯಿತು ಎಂದು ಸೂಕ್ಷ್ಮವಾದ ಉಷ್ಣತಾಮಾಪಕದಿಂದ ಅಳೆದ. ಪ್ರವಾಹವನ್ನು ಎರಡರಷ್ಟು ಮಾಡಿದಾಗ ಶಾಖ ಎರಡರಷ್ಟಾಗಲಿಲ್ಲ, ನಾಲ್ಕರಷ್ಟಾಯಿತು. ಮೂರರಷ್ಟು ಮಾಡಿದರೆ ಒಂಬತ್ತರಷ್ಟು. ಅಂದರೆ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಜೊತೆಗೆ ತಂತಿಯ ರೋಧಕ್ಕೂ, ಪ್ರವಾಹ ಹರಿದ ಕಾಲಕ್ಕೂ ಅನುಗುಣವಾಗಿರುತ್ತದೆ. 1841ರಲ್ಲಿ ಪ್ರಕಟವಾದ ಈ ನಿಯಮವನ್ನು ರಷ್ಯದಲ್ಲಿ ಹೈನ್ರಿಕ್ ಲೆಂಜ್ ಸ್ವತಂತ್ರವಾಗಿ ಕಂಡುಕೊಂಡ. ಆದ್ದರಿಂದ ಇದಕ್ಕೆ ಜೌಲ್-ಲೆಂಜ್ ನಿಯಮ ಎಂಬ ಹೆಸರೂ ಉಂಟು.

ಶಾಖ ಹುಟ್ಟುವುದೇಕೆ ಎಂಬುದು ಜೌಲನ ಕಾಲಕ್ಕೆ ಸ್ಪಷ್ಟವಾಗಿರಲಿಲ್ಲ. ಇಲೆಕ್ಟ್ರಾನ್ ಪತ್ತೆಯಾದದ್ದೇ 1897ರಲ್ಲಿ. ಈಗ ನಾವು ಹೀಗೆ ಹೇಳುತ್ತೇವೆ: ಲೋಹದೊಳಗೆ ಸಾಗುವ ಇಲೆಕ್ಟ್ರಾನುಗಳು ದಾರಿಯಲ್ಲಿ ಕಂಪಿಸುತ್ತಿರುವ ಪರಮಾಣುಗಳಿಗೆ ಮತ್ತೆ ಮತ್ತೆ ತಾಗಿ ತಮ್ಮ ಶಕ್ತಿಯನ್ನು ಒಪ್ಪಿಸುತ್ತವೆ, ಪರಮಾಣುಗಳ ಕಂಪನ ಹೆಚ್ಚುತ್ತದೆ, ಆ ಹೆಚ್ಚಿದ ಕಂಪನವೇ ನಮಗೆ ಬಿಸಿಯಾಗಿ ತಿಳಿಯುತ್ತದೆ.

‘ಪ್ರವಾಹದ ವರ್ಗ’ ಎಂಬ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸುರುಳಿಯನ್ನು ಬಿಸಿ ಮಾಡುವುದು ಈ ನಿಯಮ. ಮುಂದೆ ನೋಡುವಂತೆ, ಮನೆಯನ್ನು ಸುಡುವುದೂ ಇದೇ ನಿಯಮ.

ಕೆಂಪಾದರೂ ಕೆಡದ ತಂತಿ

ನಿಯಮವೇನೋ 1841ರಲ್ಲೇ ಸಿಕ್ಕಿತು. ಹಾಗಿದ್ದರೆ ವಿದ್ಯುತ್ ಹೀಟರು ಮನೆಮನೆಗೆ ಬರಲು ಅಷ್ಟು ವರ್ಷ ಹಿಡಿದದ್ದೇಕೆ? ಕಾರಣ ಎರಡು. ವಿದ್ಯುತ್ತೇ ಮನೆಗಳಿಗೆ ಬಂದದ್ದು 1880ರ ದಶಕದಿಂದೀಚೆಗೆ. ಇನ್ನೊಂದು ಕಾರಣ, ತಕ್ಕ ತಂತಿ ಇರಲಿಲ್ಲ.

ತಾಮ್ರದ ರೋಧ ತೀರ ಕಡಿಮೆ. ಅದು ವಿದ್ಯುತ್ತನ್ನು ಸಾಗಿಸಲು ಒಳ್ಳೆಯದು, ಕಾಯಲು ಅಲ್ಲ. ಕಬ್ಬಿಣದ ರೋಧ ತಾಮ್ರಕ್ಕಿಂತ ಹೆಚ್ಚು, ಅದು ಕರಗಲು 1,538 ಡಿಗ್ರಿ ಬೇಕು. ಆದರೆ ಕೆಂಪಗೆ ಕಾದ ಕಬ್ಬಿಣ ಗಾಳಿಯ ಆಮ್ಲಜನಕದೊಡನೆ ಸೇರಿ ಪದರ ಪದರವಾಗಿ ಉದುರುತ್ತದೆ. ಕಮ್ಮಾರನ ಕುಲುಮೆಯಿಂದ ಹೊರಬಂದ ಕಬ್ಬಿಣವನ್ನು ಬಡಿಯುವಾಗ ಉದುರುವ ಕಪ್ಪು ಚಕ್ಕೆಗಳನ್ನು ನೋಡಿದ್ದೀರಲ್ಲ, ಅದೇ. ಸಪೂರವಾದ ತಂತಿ ಹೀಗೆ ಚಕ್ಕೆಯೆದ್ದರೆ ಬೇಗನೆ ತುಂಡಾಗುತ್ತದೆ. ಪ್ಲಾಟಿನಮ್ ಕೆಡುವುದಿಲ್ಲ, ಆದರೆ ಅದು ಪ್ರಯೋಗಾಲಯದ ಸಿರಿವಂತ ಲೋಹ. ಅಂದರೆ ಸಮಸ್ಯೆ ಇದ್ದದ್ದು ತಂತಿ ಕರಗುವುದರಲ್ಲಿ ಅಲ್ಲ, ಗಾಳಿಯಲ್ಲಿ ಕಾದು ಕಾದು ಸವೆಯುವುದರಲ್ಲಿ.

ಇದಕ್ಕೆ ಮೊದಲು ಹೊಳೆದ ಉಪಾಯ ತಂತಿಗೆ ಗಾಳಿ ಸೋಕದಂತೆ ಮಾಡುವುದು. 1892ರಲ್ಲಿ ಇಂಗ್ಲೆಂಡಿನ ಇಂಜಿನಿಯರುಗಳಾದ ಕ್ರಾಂಪ್ಟನ್ ಮತ್ತು ಡೌಸಿಂಗ್ ಒಂದು ಹೀಟರಿಗೆ ಪೇಟೆಂಟ್ ಪಡೆದರು. ಎರಕದ ಕಬ್ಬಿಣದ ಫಲಕದ ಮೇಲೆ ತಂತಿಯನ್ನಿಟ್ಟು ಅದರ ಮೇಲೆ ಎನಾಮಲ್ ಪದರ ಮೆತ್ತಿದ್ದರು. ಉಪಾಯ ಚೆನ್ನಾಗಿತ್ತು, ಆದರೆ ಕಾದಾಗ ಕಬ್ಬಿಣ, ತಂತಿ, ಎನಾಮಲ್ ಮೂರೂ ಒಂದೇ ಸಮನಾಗಿ ಹಿಗ್ಗುವುದಿಲ್ಲ. ಎನಾಮಲ್ ಬಿರುಕು ಬಿಡುತ್ತಿತ್ತು. ತಂತಿಯನ್ನು ಗಾಳಿಯಿಲ್ಲದ ದೊಡ್ಡ ಗಾಜಿನ ಬಲ್ಬಿನೊಳಗೆ ಇಟ್ಟು, ಆ ಬಲ್ಬುಗಳ ಸಾಲನ್ನೇ ಹೀಟರಾಗಿ ಬಳಸುವ ಕ್ರಮವೂ ಬಂತು. ಕ್ರಾಂಪ್ಟನ್ ಎಂಬ ಹೆಸರು ನಿಮಗೆ ಅಪರಿಚಿತವಲ್ಲ. ನಮ್ಮ ಮನೆಗಳ ಎಷ್ಟೋ ಫ್ಯಾನುಗಳ ಮೇಲೆ ಅದು ಇಂದಿಗೂ ಇದೆ. ಆ ಕ್ರಾಂಪ್ಟನ್ ತರುಣನಾಗಿದ್ದಾಗ ಸೈನ್ಯಾಧಿಕಾರಿಯಾಗಿ ಭಾರತದಲ್ಲಿದ್ದವನು, ಇಲ್ಲಿನ ರಸ್ತೆಗಳಲ್ಲಿ ಉಗಿ ಬಂಡಿಗಳನ್ನು ಓಡಿಸಿದವನು.

ನಿಜವಾದ ಉತ್ತರ ಬಂದದ್ದು ಅಮೆರಿಕದ ಆಲ್ಬರ್ಟ್ ಮಾರ್ಷ್‌ನಿಂದ. ಸುಮಾರು ಎಂಬತ್ತು ಭಾಗ ನಿಕಲ್, ಇಪ್ಪತ್ತು ಭಾಗ ಕ್ರೋಮಿಯಂ ಸೇರಿದ ಮಿಶ್ರಲೋಹವೊಂದನ್ನು ಅವನು ಸಿದ್ಧಪಡಿಸಿದ. 1906ರ ಫೆಬ್ರವರಿ 6ರಂದು ಅದಕ್ಕೆ ಪೇಟೆಂಟ್ ಸಿಕ್ಕಿತು. ನೈಕ್ರೋಮ್ ಎಂದು ನಾವು ಕರೆಯುವುದು ಇದನ್ನೇ. ಇದರ ರೋಧ ತಾಮ್ರದ ಅರವತ್ತು ಪಟ್ಟಿಗೂ ಹೆಚ್ಚು. ಕರಗಲು ಸುಮಾರು 1,400 ಡಿಗ್ರಿ ಬೇಕು, ಕಬ್ಬಿಣಕ್ಕಿಂತ ಕಡಿಮೆಯೇ. ಆದರೂ ಗೆದ್ದದ್ದು ಇದು. ಏಕೆ? ಕಾದ ನೈಕ್ರೋಮಿನ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳುವಾದ ಪೊರೆ ಹುಟ್ಟುತ್ತದೆ. ಆ ಪೊರೆ ಚಕ್ಕೆಯಾಗಿ ಉದುರದೆ ಬಿಗಿಯಾಗಿ ಅಂಟಿಕೊಂಡು, ಒಳಗಿನ ಲೋಹಕ್ಕೆ ಆಮ್ಲಜನಕ ತಲುಪದಂತೆ ತಡೆಯುತ್ತದೆ. ಕ್ರಾಂಪ್ಟನ್ ಹೊರಗಿನಿಂದ ಮೆತ್ತಲು ಹೊರಟಿದ್ದ ಕವಚವನ್ನು ಈ ತಂತಿ ತಾನೇ ಬೆಳೆಸಿಕೊಳ್ಳುತ್ತದೆ!

ಈ ವರ್ಷಗಳನ್ನು ನಮ್ಮ ನಾಡಿನ ವರ್ಷಗಳ ಪಕ್ಕದಲ್ಲಿಟ್ಟು ನೋಡಿ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು 1902ರಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರ ಆಗಸ್ಟ್ 5ರಂದು. ಆ ಹೊತ್ತಿಗೆ ಮಾರ್ಷ್‌ನ ಕೆಲಸ ನಡೆದಿತ್ತು. ಎಂದರೆ ವಿದ್ಯುತ್ ನಮ್ಮ ಊರಿಗೆ ಕಾಲಿಟ್ಟಾಗ ಅದರಿಂದ ಕೋಣೆ ಬೆಚ್ಚಗೆ ಮಾಡುವ ಬಾಳಿಕೆಯ ತಂತಿ ಜಗತ್ತಿನಲ್ಲಿ ಎಲ್ಲಿಯೂ ಮಾರಾಟಕ್ಕೆ ಇರಲಿಲ್ಲ. ನೈಕ್ರೋಮ್ ಬಂದ ಮೇಲೆ ಇಸ್ತ್ರಿ ಪೆಟ್ಟಿಗೆ, ಬ್ರೆಡ್ ಸುಡುವ ಟೋಸ್ಟರ್, ನೀರು ಕಾಯಿಸುವ ಕಾಯಿಲ್ ಒಂದಾದ ಮೇಲೊಂದು ಬಂದವು. 1912ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಬೆಲಿಂಗ್, ಶಾಖ ತಡೆಯುವ ಜೇಡಿಮಣ್ಣಿನ ಪಟ್ಟಿಗಳಿಗೆ ಈ ತಂತಿಯನ್ನು ಸುತ್ತಿ ಮನೆ ಬಳಕೆಯ ಹೀಟರನ್ನು ತಯಾರಿಸಿದ.

ಫ್ಯಾನಿನ ಎರಡು ಕೆಲಸ

ಬೆಲಿಂಗನ ಹೀಟರಿನಲ್ಲಿ ಫ್ಯಾನು ಇರಲಿಲ್ಲ. ಕೆಂಪಗೆ ಕಾದ ಭಾಗದ ಎದುರು ಕುಳಿತವರಿಗೆ ಶಾಖ ವಿಕಿರಣದ ಮೂಲಕ ತಲುಪುತ್ತಿತ್ತು. ಎದೆ ಬಿಸಿ, ಬೆನ್ನು ತಣ್ಣಗೆ. ಒಲೆಯ ಮುಂದೆ ಕುಳಿತಾಗಲೂ ಹಾಗೆಯೇ ಅಲ್ಲವೆ? ಕೋಣೆಯ ಗಾಳಿಯೇ ಬಿಸಿಯಾಗಬೇಕಾದರೆ ಗಾಳಿಯನ್ನು ಸುರುಳಿಯ ಮೇಲೆ ಹಾಯಿಸಬೇಕು.

ಗಾಳಿ ಬೀಸುವ ಯಂತ್ರ ಅದಕ್ಕೂ ಮೊದಲೇ ಇತ್ತು. ಅಮೆರಿಕದ ಶೂಯ್ಲರ್ ವೀಲರ್ ಮೇಜಿನ ಮೇಲಿಡುವ ವಿದ್ಯುತ್ ಫ್ಯಾನನ್ನು 1882ರಲ್ಲೇ ತಯಾರಿಸಿದ್ದ. ಫ್ರಾನ್ಸಿನ ಮಾರ್ತಿಯೆ ಎಂಬಾತ ಉದ್ದನೆಯ ಉರುಳೆಯಾಕಾರದ, ಅಗಲವಾಗಿ ಗಾಳಿ ಚೆಲ್ಲುವ ಫ್ಯಾನಿಗೆ 1893ರಲ್ಲಿ ಪೇಟೆಂಟ್ ಪಡೆದಿದ್ದ. ಅಗಲ ಬಾಯಿಯ ಹೀಟರುಗಳಲ್ಲಿ ಸದ್ದು ಕಡಿಮೆ ಮಾಡಿ ತಿರುಗುವುದು ಇದೇ ಬಗೆಯ ಫ್ಯಾನು. ಹಳೆಯ ಫ್ಯಾನು, ಹೊಸ ತಂತಿ ಎರಡೂ ಒಂದೇ ಪೆಟ್ಟಿಗೆಯೊಳಗೆ ಸೇರಿದಾಗ ಫ್ಯಾನ್ ಹೀಟರ್ ಆಯಿತು.

ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡೋಣ. ಪೆನ್ಸಿಲು ತೆಗೆದುಕೊಳ್ಳಿ. 2,000 ವಾಟ್ ಹೀಟರು ಒಂದು ಸೆಕೆಂಡಿಗೆ 2,000 ಜೌಲ್ ಶಾಖ ಕೊಡುತ್ತದೆ. ಅದರ ಫ್ಯಾನು ಸೆಕೆಂಡಿಗೆ 40 ಲೀಟರ್ ಗಾಳಿ ತಳ್ಳುತ್ತದೆ ಎಂದಿಟ್ಟುಕೊಳ್ಳಿ. ಅಷ್ಟು ಗಾಳಿಯ ತೂಕ ಸುಮಾರು 48 ಗ್ರಾಂ. ಒಂದು ಗ್ರಾಂ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು ಒಂದು ಜೌಲ್ ಸಾಕು. ಆದ್ದರಿಂದ ಗಾಳಿ ಸುಮಾರು 42 ಡಿಗ್ರಿಯಷ್ಟು ಬಿಸಿಯೇರುತ್ತದೆ. ಕೋಣೆ 20 ಡಿಗ್ರಿ ಇದ್ದರೆ ಹೊರಬರುವ ಗಾಳಿ 62 ಡಿಗ್ರಿ. ಇದು ಹಿತ.

ಈಗ ಹೀಟರಿನ ಹಿಂಬದಿಯ ಜಾಲರಿಗೆ ಧೂಳು ಕಟ್ಟಿ ಗಾಳಿ ಅರ್ಧಕ್ಕೆ ಇಳಿಯಿತು ಎನ್ನಿ. ಅದೇ 2,000 ಜೌಲ್, ಅರ್ಧ ಗಾಳಿ. ಏರಿಕೆ 83 ಡಿಗ್ರಿ. ಹೊರಬರುವ ಗಾಳಿ ನೀರು ಕುದಿಯುವ ಮಟ್ಟವನ್ನೂ ಮೀರಿತು. ಯಾರಾದರೂ ಒದ್ದೆ ಬಟ್ಟೆ ಒಣಗಲೆಂದು ಮೇಲೆ ಹರವಿ ಗಾಳಿಯನ್ನು ಪೂರ್ತಿ ತಡೆದರೆ? ಸುರುಳಿ ಶಾಖ ಹುಟ್ಟಿಸುತ್ತಲೇ ಇರುತ್ತದೆ, ಒಯ್ಯುವವರಿಲ್ಲ. ತಂತಿ ಕೆಂಪಾಗುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಬಟ್ಟೆಯ ನೀರು ಆರಿದ ಬಳಿಕ ಬಟ್ಟೆಯೇ ಹೊತ್ತಿಕೊಳ್ಳುತ್ತದೆ.

ಹಾಗಾದರೆ ಫ್ಯಾನ್ ಹೀಟರಿನ ಫ್ಯಾನು ನಮ್ಮನ್ನು ಬೆಚ್ಚಗಿಡಲು ಮಾತ್ರ ಇರುವುದಲ್ಲ. ಹೀಟರನ್ನೇ ತಣ್ಣಗಿಡಲೂ ಇದೆ. ಬಿಸಿ ಮಾಡುವ ಯಂತ್ರದೊಳಗೆ ತಣಿಸುವ ಯಂತ್ರ! ಫ್ಯಾನು ನಿಂತ ಹೀಟರು ಕೆಲಸ ಕಡಿಮೆ ಮಾಡುವ ಹೀಟರಲ್ಲ, ಅಪಾಯಕ್ಕೆ ತಿರುಗಿದ ಹೀಟರು.

ಒಳಗಿರುವ ಕಾವಲುಗಾರರು

ಫ್ಯಾನು ಒಂದಲ್ಲ ಒಂದು ದಿನ ನಿಲ್ಲಬಹುದು. ಆಗ ಕೂಗಿ ಹೇಳಲು ಅಲ್ಲಿ ಯಾರೂ ಇರದೆ ಇರಬಹುದು. ಆದ್ದರಿಂದ ಶಾಖವೇ ಶಾಖವನ್ನು ನಿಲ್ಲಿಸುವಂತೆ ಮಾಡಬೇಕು. ಇದಕ್ಕೆ ಬೇಕಾದ ತತ್ವ ಸಿಕ್ಕಿದ್ದು ಗಡಿಯಾರ ಮಾಡುವವನೊಬ್ಬನಿಂದ.

18ನೆಯ ಶತಮಾನದಲ್ಲಿ ಹಡಗುಗಳಿಗಾಗಿ ನಿಖರವಾದ ಗಡಿಯಾರ ಮಾಡುತ್ತಿದ್ದ ಜಾನ್ ಹ್ಯಾರಿಸನ್, ಬಿಸಿ ಚಳಿಗಳಿಂದ ಗಡಿಯಾರದ ನಡೆ ತಪ್ಪದಿರಲೆಂದು ಹಿತ್ತಾಳೆ ಮತ್ತು ಉಕ್ಕಿನ ಪಟ್ಟಿಗಳನ್ನು ಒಂದಕ್ಕೊಂದು ಬೆಸೆದ. ಕಾದಾಗ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ, ಉಕ್ಕು ಕಡಿಮೆ, ಜೋಡಿಪಟ್ಟಿ ಬಾಗಲೇಬೇಕು. ಇದೇ ದ್ವಿಲೋಹ ಪಟ್ಟಿ. 1830ರಲ್ಲಿ ಸ್ಕಾಟ್ಲೆಂಡಿನ ಆಂಡ್ರೂ ಯೂರ್, ಹೀಗೆ ಬಾಗುವ ಪಟ್ಟಿಯಿಂದ ಬಿಸಿಯನ್ನು ತಾನಾಗಿ ನಿಯಂತ್ರಿಸುವ ಸಾಧನಕ್ಕೆ ಪೇಟೆಂಟ್ ಪಡೆದು ಅದನ್ನು ಥರ್ಮೋಸ್ಟಾಟ್ ಎಂದು ಕರೆದ.

ಆದರೆ ವಿದ್ಯುತ್ ಸ್ವಿಚ್ಚಿಗೆ ನಿಧಾನವಾಗಿ ಬಾಗುವ ಪಟ್ಟಿ ಅಷ್ಟು ಒಳ್ಳೆಯದಲ್ಲ. ಎರಡು ಲೋಹದ ತುದಿಗಳು ಮೆಲ್ಲಗೆ ಬೇರೆಯಾದರೆ ನಡುವೆ ಕಿಡಿ ಹಾರುತ್ತಲೇ ಇದ್ದು ತುದಿಗಳು ಸುಟ್ಟುಹೋಗುತ್ತವೆ. ಬೇರೆಯಾಗುವುದು ಥಟ್ಟನೆ ಆಗಬೇಕು. 1920ರ ದಶಕದಲ್ಲಿ ಅಮೆರಿಕದ ಜಾನ್ ಸ್ಪೆನ್ಸರ್ ಇದಕ್ಕೆ ದಾರಿ ತೋರಿಸಿದ. ಹುಡುಗನಾಗಿದ್ದಾಗ ಅವನು ಮರ ಕೊಯ್ಯುವ ಮಿಲ್ಲೊಂದರಲ್ಲಿ ಬಾಯ್ಲರಿನ ಬೆಂಕಿ ನೋಡಿಕೊಳ್ಳುತ್ತಿದ್ದನೆಂದೂ, ಬಾಯ್ಲರಿನ ಲೋಹದ ಬಾಗಿಲು ಕಾದಾಗ ‘ಟಕ್’ ಎಂದು ಹೊರಕ್ಕೆ ಉಬ್ಬಿ, ಆರಿದಾಗ ‘ಟಕ್’ ಎಂದು ಒಳಕ್ಕೆ ತಗ್ಗುವುದನ್ನು ಕಂಡು ಈ ಉಪಾಯ ಹೊಳೆಯಿತೆಂದೂ ಹೇಳುತ್ತಾರೆ. ಅವನು ದ್ವಿಲೋಹವನ್ನು ಪಟ್ಟಿಯ ಬದಲು ತುಸು ಗುಂಡಿಯಾದ ಬಿಲ್ಲೆಯಾಗಿ ಮಾಡಿದ. ನಿಗದಿತ ಬಿಸಿ ಮುಟ್ಟಿದೊಡನೆ ಬಿಲ್ಲೆ ಮಗುಚಿಕೊಂಡು ಸಂಪರ್ಕ ಕಡಿಯುತ್ತದೆ. ನಿಮ್ಮ ಹೀಟರು ಆಗಾಗ ‘ಟಕ್’ ಎನ್ನುವುದನ್ನು ಕೇಳಿದ್ದರೆ, ಅದು ಇಂಥ ಬಿಲ್ಲೆಯದೇ ಸದ್ದು.

ಬಿಲ್ಲೆಯ ಜೊತೆಗೆ ಇನ್ನೂ ಕೆಲವು ಕಾವಲುಗಾರರು ಇರುತ್ತಾರೆ. ಒಂದು, ಥರ್ಮಲ್ ಫ್ಯೂಸ್. ಬಿಲ್ಲೆ ಕೆಟ್ಟು ಬಿಸಿ ಮಿತಿ ಮೀರಿದರೆ ಇದರೊಳಗಿನ ಪದಾರ್ಥ ಕರಗಿ ವಿದ್ಯುತ್ತನ್ನು ಶಾಶ್ವತವಾಗಿ ಕಡಿಯುತ್ತದೆ. ಇನ್ನೊಂದು, ಕೆಲವು ಹೀಟರುಗಳ ತಳದಲ್ಲಿರುವ ಸ್ವಿಚ್ಚು. ಪೆಟ್ಟಿಗೆ ಉರುಳಿ ಬಿದ್ದರೆ ಅದು ತಾನಾಗಿ ಆರಿಸುತ್ತದೆ. ಮೂರನೆಯದು ಸುರುಳಿಯ ಬದಲಿಗೇ ಬಂದದ್ದು. 1950ರ ದಶಕದಲ್ಲಿ ನೆದರ್ಲೆಂಡಿನ ಫಿಲಿಪ್ಸ್ ಪ್ರಯೋಗಾಲಯದವರು ಬೇರಿಯಂ ಟೈಟನೇಟ್ ಎಂಬ ಸೆರಾಮಿಕ್ಕಿಗೆ ಬೇರೆ ಧಾತುಗಳನ್ನು ಅತ್ಯಲ್ಪವಾಗಿ ಬೆರೆಸಿದಾಗ ವಿಚಿತ್ರವಾದ ಗುಣವೊಂದು ಕಂಡಿತು. ಒಂದು ನಿಗದಿತ ಬಿಸಿಯವರೆಗೆ ಅದು ವಿದ್ಯುತ್ತನ್ನು ಹರಿಯಗೊಡುತ್ತದೆ. ಅದನ್ನು ದಾಟಿದರೆ ಅದರ ರೋಧ ಸಾವಿರಾರು ಪಟ್ಟು ಏರಿ ಪ್ರವಾಹ ತಾನಾಗಿ ಕುಗ್ಗುತ್ತದೆ. ಈಗಿನ ‘ಸೆರಾಮಿಕ್’ ಅಥವಾ ‘ಪಿ.ಟಿ.ಸಿ.’ ಹೀಟರುಗಳಲ್ಲಿ ಇರುವುದು ಈ ಬಗೆಯ ಪದಾರ್ಥ. ಫ್ಯಾನು ನಿಂತರೂ ಅದು ನೈಕ್ರೋಮಿನಂತೆ ಕೆಂಪಾಗುವುದಿಲ್ಲ. ಆದರೆ ಅದನ್ನೂ ಬಟ್ಟೆಯಿಂದ ಮುಚ್ಚಬಾರದು.

ಪ್ಲಗ್ಗಿನಲ್ಲಿ ಅಡಗಿದ ಜೌಲ್

ಇಷ್ಟೆಲ್ಲ ಕಾವಲುಗಾರರು ಇರುವುದು ಪೆಟ್ಟಿಗೆಯ ಒಳಗೆ. ಹೊರಗೆ, ಗೋಡೆಯ ಪ್ಲಗ್ ಪಾಯಿಂಟಿನ ಬಳಿ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಾಗುವುದಿಲ್ಲ. ಆ ಭಾಗಕ್ಕೆ ಕಾವಲು ನೀವೇ.

ನಮ್ಮ ಮನೆಗಳ ವಿದ್ಯುತ್ತಿನ ವಿಭವಾಂತರ 230 ವೋಲ್ಟ್. 2,000 ವಾಟನ್ನು 230ರಿಂದ ಭಾಗಿಸಿ. ಸುಮಾರು 8.7 ಆಂಪೇರ್ ಪ್ರವಾಹ. ನಮ್ಮಲ್ಲಿ ಪ್ಲಗ್ ಪಾಯಿಂಟುಗಳು ಎರಡು ಬಗೆ: ದೀಪ, ರೇಡಿಯೋ, ಚಾರ್ಜರುಗಳಿಗೆ 6 ಆಂಪೇರಿನ ಚಿಕ್ಕದು (ಹಿಂದೆ ಇದನ್ನು 5 ಆಂಪೇರ್ ಎನ್ನುತ್ತಿದ್ದರು), ಗೀಸರ್, ಹೀಟರುಗಳಿಗೆ 16 ಆಂಪೇರಿನ ದೊಡ್ಡದು, ಅಂದರೆ ಪವರ್ ಪ್ಲಗ್. ಹೀಟರಿನ ದಪ್ಪ ಪ್ಲಗ್ಗು ಚಿಕ್ಕ ಪಾಯಿಂಟಿಗೆ ಹಿಡಿಸದಂತೆ ಮಾಡಿರುವುದು ಯಾರನ್ನೋ ಸತಾಯಿಸಲು ಅಲ್ಲ. ಪ್ಲಗ್ಗು ಬದಲಿಸಿಯೋ, ನಡುವೆ ಇನ್ನೊಂದು ಪ್ಲಗ್ ಸೇರಿಸಿಯೋ ಅದನ್ನು ಚಿಕ್ಕ ಪಾಯಿಂಟಿಗೆ ಸಿಕ್ಕಿಸುವುದೆಂದರೆ, 6 ಆಂಪೇರಿನ ದಾರಿಯಲ್ಲಿ 8.7 ಆಂಪೇರನ್ನು ಗಂಟೆಗಟ್ಟಲೆ ನುಗ್ಗಿಸಿದಂತೆ.

ಇನ್ನೊಂದು ಲೆಕ್ಕ. ಸಡಿಲವಾದ ಪಾಯಿಂಟಿನಲ್ಲಿ ಪ್ಲಗ್ಗಿನ ಕಡ್ಡಿ ಸರಿಯಾಗಿ ಕೂರದೆ ಅಲ್ಲಿ ಅರ್ಧ ಓಮ್ ರೋಧ ಹುಟ್ಟಿದೆ ಎನ್ನಿ. 60 ವಾಟಿನ ಬಲ್ಬು ಉರಿಯುತ್ತಿದ್ದರೆ ಪ್ರವಾಹ 0.26 ಆಂಪೇರ್. ಜೌಲನ ನಿಯಮದಂತೆ ಅದರ ವರ್ಗವನ್ನು ಅರ್ಧದಿಂದ ಗುಣಿಸಿ: ಒಂದು ವಾಟಿನ ಇಪ್ಪತ್ತೊಂಬತ್ತನೆಯ ಒಂದು ಭಾಗ ಶಾಖ. ಯಾರಿಗೂ ತಿಳಿಯದು. ಅದೇ ಪಾಯಿಂಟಿಗೆ ಹೀಟರು ಸಿಕ್ಕಿಸಿ. 8.7ರ ವರ್ಗ ಸುಮಾರು 76; ಅದರ ಅರ್ಧ 38 ವಾಟ್. ರೇಡಿಯೋ ರಿಪೇರಿ ಮಾಡುವವರು ಸೀಸ ಕರಗಿಸಲು ಬಳಸುವ ಬೆಸುಗೆ ಕಡ್ಡಿ ಸುಮಾರು ಇಷ್ಟೇ ಶಾಖ ಕೊಡುತ್ತದೆ. ಅಂದರೆ ಗೋಡೆಯ ಪ್ಲಾಸ್ಟಿಕ್ಕಿನೊಳಗೆ ಬೆಸುಗೆ ಕಡ್ಡಿಯೊಂದನ್ನು ಚುಚ್ಚಿಟ್ಟಂತಾಯಿತು. ‘ಈ ಪಾಯಿಂಟಿನಲ್ಲಿ ವರ್ಷಗಳಿಂದ ಲೈಟು ಉರಿಯುತ್ತಿದೆ, ಏನೂ ಆಗಿಲ್ಲ’ ಎಂಬ ಮಾತಿಗೆ ಅರ್ಥವಿಲ್ಲದಿರುವುದು ಇದಕ್ಕೇ. ಪ್ರವಾಹ 33 ಪಟ್ಟು ಹೆಚ್ಚಿದರೆ ಶಾಖ ಸಾವಿರ ಪಟ್ಟಿಗೂ ಹೆಚ್ಚುತ್ತದೆ.

ಸಪೂರ ತಂತಿಯ ಎಕ್ಸ್‌ಟೆನ್ಷನ್ ಬಾಕ್ಸಿನ ಕಥೆಯೂ ಇದೇ. ಅದರ ವೈರನ್ನು ಸಿಂಬಿ ಸುತ್ತಿಟ್ಟರೆ ಅಥವಾ ಜಮಖಾನದ ಕೆಳಗೆ ಹಾಯಿಸಿದರೆ, ಹುಟ್ಟಿದ ಶಾಖ ಹೊರಹೋಗಲು ದಾರಿಯಿಲ್ಲದೆ ಅಲ್ಲಿಯೇ ಕೂಡುತ್ತದೆ.

ಶಾಖವಲ್ಲದೆ ಶಾಕ್ ಹೊಡೆಯುವ ಅಪಾಯವೂ ಉಂಟು. ಲೋಹದ ಮೈಯಿರುವ ಹೀಟರಿಗೆ ಮೂರು ಕಡ್ಡಿಯ ಪ್ಲಗ್ ಇರುತ್ತದೆ. ಮೂರನೆಯ, ದಪ್ಪ ಕಡ್ಡಿ ಭೂಸಂಪರ್ಕದ್ದು. ಒಳಗಿನ ತಂತಿ ಕಳಚಿ ಮೈಗೆ ತಾಗಿದರೆ ವಿದ್ಯುತ್ತು ನಿಮ್ಮ ಮೂಲಕ ಹರಿಯದೆ ಆ ದಾರಿಯಿಂದ ಭೂಮಿಗೆ ಇಳಿಯಲಿ, ಫ್ಯೂಸ್ ಹೋಗಲಿ ಎಂದು ಅದು ಇರುವುದು. ಮನುಷ್ಯದೇಹ ಎಷ್ಟು ಪ್ರವಾಹ ತಡೆದೀತು ಎಂಬುದನ್ನು ಅಮೆರಿಕದ ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್ ವರ್ಷಗಟ್ಟಲೆ ಅಭ್ಯಾಸ ಮಾಡಿದ. ಸುಮಾರು 16 ಮಿಲಿ ಆಂಪೇರಿನಲ್ಲೇ ಸ್ನಾಯುಗಳು ಬಿಗಿದು, ಹಿಡಿದ ತಂತಿಯನ್ನು ಬಿಡಲು ಸಾಮಾನ್ಯವಾಗಿ ಗಂಡಸರ ಕೈಲೂ ಆಗುವುದಿಲ್ಲ. ನಮ್ಮ ಹೀಟರಿನ ಪ್ರವಾಹ ಇದರ ಐನೂರು ಪಟ್ಟಿಗೂ ಹೆಚ್ಚು! ಸೋರುವ ಇಷ್ಟು ಚಿಕ್ಕ ಪ್ರವಾಹವನ್ನೂ ಪತ್ತೆ ಮಾಡಿ ಕ್ಷಣಾರ್ಧದಲ್ಲಿ ವಿದ್ಯುತ್ ಕಡಿಯುವ ಸಾಧನವನ್ನು ಅವನು 1961ರಲ್ಲಿ ರೂಪಿಸಿದ. ನಮ್ಮ ಮನೆಗಳ ಮೀಟರ್ ಬೋರ್ಡಿನ ಬಳಿ ಇರುವ, 30 ಮಿಲಿ ಆಂಪೇರ್ ಎಂದು ಬರೆದ ಆರ್.ಸಿ.ಸಿ.ಬಿ. ಮಾಡುವುದು ಇದೇ ಬಗೆಯ ಕೆಲಸ. ಅದರ ಮೇಲೆ ‘ಟಿ’ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದಾಗ ವಿದ್ಯುತ್ ಹೋದರೆ ಸಾಧನ ಎಚ್ಚರವಾಗಿದೆ ಎಂದರ್ಥ.

ಹದಿನೇಳು ಜೀವಗಳು

ಕಾವಲು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹತ್ತಿರದ ಕಾಲದ ಒಂದು ಘಟನೆ ನೋಡಿ. 2022ರ ಜನವರಿ 9, ಭಾನುವಾರ. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ ಹತ್ತೊಂಬತ್ತು ಅಂತಸ್ತಿನ ಒಂದು ವಸತಿ ಕಟ್ಟಡ. ಕೆಳಗಿನ ಮಹಡಿಯ ಮನೆಯೊಂದರ ಮಲಗುವ ಕೋಣೆಯಲ್ಲಿ ವಿದ್ಯುತ್ ಹೀಟರೊಂದು ದೀರ್ಘಕಾಲದಿಂದ ಬಿಡುವಿಲ್ಲದೆ ಉರಿಯುತ್ತಿತ್ತು. ಅದು ಕೆಟ್ಟು ಬೆಂಕಿ ಹುಟ್ಟಿತು ಎಂದು ಅಗ್ನಿಶಾಮಕ ಇಲಾಖೆ ತಿಳಿಸಿತು. ಬೆಂಕಿ ಹೆಚ್ಚಾಗಿ ಆ ಮನೆ ಮತ್ತು ಅದರ ಮುಂದಿನ ಓಣಿಯಲ್ಲೇ ಉಳಿಯಿತು. ಆದರೆ ಆ ಮನೆಯವರು ಹೊರಗೋಡುವಾಗ ಬಾಗಿಲು ಮುಚ್ಚಿಕೊಳ್ಳಲಿಲ್ಲ. ತಾನಾಗಿ ಮುಚ್ಚಿಕೊಳ್ಳಬೇಕಾದ ಬಾಗಿಲು ಅದು. ಮೇಲೆ ಮೆಟ್ಟಿಲ ಬಳಿಯ ಇನ್ನೊಂದು ಬಾಗಿಲೂ ತೆರೆದಿತ್ತು. ಹೊಗೆ ಇಡೀ ಕಟ್ಟಡವನ್ನು ಏರಿತು. ಹದಿನೇಳು ಜನ ಸತ್ತರು. ಅವರಲ್ಲಿ ಎಂಟು ಮಂದಿ ಮಕ್ಕಳು. ಹೆಚ್ಚಿನವರು ಪಶ್ಚಿಮ ಆಫ್ರಿಕದ ಗ್ಯಾಂಬಿಯಾದಿಂದ ಬಂದು ನೆಲೆಸಿದ್ದ ಕುಟುಂಬಗಳವರು. ಅವರನ್ನು ಕೊಂದದ್ದು ಜ್ವಾಲೆಯಲ್ಲ, ಹೊಗೆ.

ಈ ದುರಂತವನ್ನು ಹೇಳಿದ್ದು ನಿಮ್ಮನ್ನು ಹೆದರಿಸಲು ಅಲ್ಲ. ಜೌಲನ ನಿಯಮ ಪಠ್ಯಪುಸ್ತಕದ ಎರಡು ಅಂಕಗಳ ಪ್ರಶ್ನೆ ಮಾತ್ರವಲ್ಲ ಎಂದು ತಿಳಿಯಲಿ ಎಂದು.

ಬಳಸುವಾಗ ನೆನಪಿಡಬೇಕಾದದ್ದು

ಇನ್ನು ನಿಯಮಗಳು. ಇವುಗಳ ಕಾರಣಗಳು ನಿಮಗೆ ಈಗಾಗಲೇ ಗೊತ್ತು.

ಹೀಟರಿನ ಸುತ್ತ ಕನಿಷ್ಠ ಒಂದು ಮೀಟರ್ ಜಾಗ ಬಿಡಿ. ಹಾಸಿಗೆ, ಪರದೆ, ಪುಸ್ತಕ, ಪೇಪರು ಹತ್ತಿರ ಇರಕೂಡದು. ಗಟ್ಟಿಯಾದ ಸಮತಟ್ಟು ನೆಲದ ಮೇಲಿಡಿ, ಮಂಚದ ಮೇಲೆ ಬೇಡ. ಅದರ ಮೇಲೆ ಬಟ್ಟೆ ಒಣಗಿಸಬೇಡಿ. ಚಳಿಗಾಲದ ಆರಂಭದಲ್ಲಿ ಅಟ್ಟದಿಂದ ಇಳಿಸಿದಾಗ, ಪ್ಲಗ್ ತೆಗೆದಿರುವಾಗಲೇ ಜಾಲರಿಯ ಧೂಳನ್ನು ಬ್ರಷ್ಷಿನಿಂದ ತೆಗೆಯಿರಿ. ಫ್ಯಾನಿನ ಸದ್ದು ಬದಲಾದರೆ, ಸುರುಳಿ ಎಂದಿಗಿಂತ ಹೆಚ್ಚು ಕೆಂಪಾದರೆ, ಹೀಟರು ಪದೇ ಪದೇ ತಾನಾಗಿ ಆರಿದರೆ ಅದು ಕಾವಲುಗಾರನ ಕೂಗು. ಸುರಕ್ಷಾ ಸ್ವಿಚ್ಚನ್ನು ತಪ್ಪಿಸಿ ನೇರ ಸಂಪರ್ಕ ಕೊಡಿಸುವುದು, ನಾಯಿ ಬೊಗಳುತ್ತದೆಂದು ಅದರ ಬಾಯಿ ಕಟ್ಟಿ ಬಾಗಿಲು ತೆರೆದಿಟ್ಟಂತೆ.

ಪವರ್ ಪ್ಲಗ್ಗಿಗೇ ನೇರವಾಗಿ ಸಿಕ್ಕಿಸಿ. ಹತ್ತು ನಿಮಿಷ ಓಡಿದ ಮೇಲೆ ಸ್ವಿಚ್ಚು ಆರಿಸಿ, ಪ್ಲಗ್ಗಿನ ಹೊರಮೈಯನ್ನು ಮುಟ್ಟಿ ನೋಡಿ. ತುಸು ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಆ ಪಾಯಿಂಟನ್ನು ಎಲೆಕ್ಟ್ರಿಷಿಯನ್ನಿಗೆ ತೋರಿಸುವವರೆಗೆ ಬಳಸಬೇಡಿ. ಬಚ್ಚಲು ಮನೆಗೆ ಒಯ್ಯಬೇಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ. ಕೊಳ್ಳುವಾಗ ಐ.ಎಸ್.ಐ. ಗುರುತು ಇದೆಯೇ ನೋಡಿ. 1947ರಲ್ಲಿ ಸ್ಥಾಪನೆಯಾದ ಭಾರತೀಯ ಮಾನಕ ಸಂಸ್ಥೆಯ ಆ ಗುರುತನ್ನು 1987ರಿಂದ ಭಾರತೀಯ ಮಾನಕ ಬ್ಯೂರೋ ನೀಡುತ್ತಿದೆ.

ರಾತ್ರಿಯಿಡೀ ಹಾಕಿಕೊಂಡು ಮಲಗಬಹುದೇ? ಬೇಡ. ಅದರ ಅಗತ್ಯವೂ ಇಲ್ಲ. ಮೂರು ಮೀಟರ್ ಉದ್ದ, ಅಗಲ, ಎತ್ತರದ ಕೋಣೆಯ ಗಾಳಿಯ ತೂಕ ಸುಮಾರು 32 ಕಿಲೋಗ್ರಾಂ. ಅದನ್ನು 10 ಡಿಗ್ರಿ ಏರಿಸಲು 2,000 ವಾಟ್ ಹೀಟರಿಗೆ ಲೆಕ್ಕದಲ್ಲಿ ಮೂರು ನಿಮಿಷವೂ ಬೇಡ. ಉಳಿದ ಹೊತ್ತೆಲ್ಲ ಅದು ಕಾಯಿಸುವುದು ಗೋಡೆಯನ್ನು, ಕಿಟಕಿಯ ಸಂದಿಯಿಂದ ನುಗ್ಗುವ ಗಾಳಿಯನ್ನು. ಸಂದಿ ಮುಚ್ಚಿ, ಮಲಗುವ ಮೊದಲು ಸ್ವಲ್ಪ ಹೊತ್ತು ಓಡಿಸಿ, ಆರಿಸಿ, ಪ್ಲಗ್ ಕಿತ್ತು, ಕಂಬಳಿ ಹೊದ್ದು ಮಲಗುವುದು ಜಾಣತನ. ಗಂಟೆಗೆ ಎರಡು ಯೂನಿಟ್ಟಿನ ಖರ್ಚೂ ಉಳಿಯುತ್ತದೆ.

ಹಾಗೆಂದು ಹಳೆಯ ಅಗ್ಗಿಷ್ಟಿಕೆಯೇ ಮೇಲು ಎಂದು ತಿಳಿಯಬೇಡಿ. ಫ್ಯಾನ್ ಹೀಟರು ಏನನ್ನೂ ಉರಿಸುವುದಿಲ್ಲ. ಆದ್ದರಿಂದ ಕೋಣೆಯ ಆಮ್ಲಜನಕವನ್ನು ತಿನ್ನುವುದೂ ಇಲ್ಲ. ಗಾಳಿ ಒಣಗಿದಂತೆ ಅನಿಸುವುದು ಬಿಸಿಯಾದ್ದರಿಂದ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಟ್ಟ ಕೆಂಡವಾದರೋ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಬಿಡುತ್ತದೆ. ಮಲಗಿದವರಿಗೆ ಎಚ್ಚರವಾಗುವುದೇ ಇಲ್ಲ. ಬಾಣಂತಿಯ ಕೋಣೆಗೆ, ಹಸುಗೂಸಿನ ಕೋಣೆಗೆ ಕೆಂಡ ಬೇಡ. ಅಲ್ಲಿ ಹೀಟರು ಬಳಸಿದರೂ, ಬಿಸಿಗಾಳಿ ಮಗುವಿನ ಮೇಲೆ ನೇರವಾಗಿ ಬೀಸದಂತೆ ದೂರದಲ್ಲಿಟ್ಟು, ಹಿರಿಯರೊಬ್ಬರು ಎಚ್ಚರವಾಗಿ ಜೊತೆಯಲ್ಲಿರಬೇಕು.

ಕೊನೆಯದಾಗಿ ನಿಮಗೊಂದು ಕೆಲಸ. ನಿಮ್ಮ ಮನೆಯಲ್ಲಿ ಹೀಟರು ಇಲ್ಲದಿದ್ದರೆ ಇಸ್ತ್ರಿ ಪೆಟ್ಟಿಗೆಯಾದರೂ ಇರುತ್ತದೆ, ನೀರು ಕಾಯಿಸುವ ಕಾಯಿಲ್ ಆದರೂ ಇರುತ್ತದೆ. ಅದರ ಮೇಲಿನ ಚಿಕ್ಕ ಪಟ್ಟಿಯಲ್ಲಿ ಎಷ್ಟು ವಾಟ್ ಎಂದು ಬರೆದಿದೆ, ಓದಿ. 230ರಿಂದ ಭಾಗಿಸಿ ಪ್ರವಾಹ ಎಷ್ಟೆಂದು ಕಂಡುಹಿಡಿಯಿರಿ. ಆಮೇಲೆ ಅದನ್ನು ಯಾವ ಪಾಯಿಂಟಿಗೆ ಸಿಕ್ಕಿಸುತ್ತಾರೆ, ಆ ಪಾಯಿಂಟಿನ ಮೇಲೆ ಎಷ್ಟು ಆಂಪೇರ್ ಎಂದಿದೆ, ನೋಡಿ. ಎರಡೂ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಅಕ್ಕಪಕ್ಕ ಬರೆಯಿರಿ. ಮೊದಲನೆಯದು ಎರಡನೆಯದಕ್ಕಿಂತ ದೊಡ್ಡದಾಗಿದ್ದರೆ, ಚೀಟಿಯನ್ನು ಇವತ್ತೇ ಮನೆಯ ಹಿರಿಯರ ಕೈಗೆ ಕೊಡಿ.